ಫ್ಲೈವೀಲ್‌ಗೆ ಗವರ್ನರ್ ಬರೆದ ಪತ್ರ

ಪ್ರಿಯ ಫ್ಲೈವೀಲ್,

'ಕಾಲೇಜಿನ ಸಮ್ಮೇಳನದಲ್ಲಿ ನಿನ್ನ ಭಾಷಣ ಹೇಗಾಯಿತು' ಎಂದು ನೀನು ಮೂರು ದಿನಗಳಿಂದ ವಾಟ್ಸಾಪಿನಲ್ಲಿ ಕೇಳುತ್ತಿದ್ದೀಯ. ನಾನು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗಿದ್ದೆ. ಈಗ ವಿವರವಾಗಿ ಬರೆಯುತ್ತಿದ್ದೇನೆ, ಅದೂ ನಮ್ಮ ಕಾಲೇಜಿನ ಅಡ್ಡಹೆಸರುಗಳಲ್ಲೇ. ನಿನಗೊಬ್ಬನಿಗೇ ಬರೆದರೂ ನೀನು ಇಡೀ ಬ್ಯಾಚಿಗೆ ಓದಿ ಹೇಳುವವನೇ ಆದ್ದರಿಂದ, ಆ ಶ್ರಮ ನಿನಗೆ ತಪ್ಪಲಿ ಎಂದು ಎಲ್ಲರೆದುರಿಗೇ ಹಾಕಿದ್ದೇನೆ.

ಎರಡು ದಿನಗಳ ಸಮ್ಮೇಳನ ನಡೆದದ್ದು ನಮ್ಮ ಮೆಕ್ಯಾನಿಕಲ್ ವಿಭಾಗದ ಅದೇ ಸೆಮಿನಾರ್ ಹಾಲಿನಲ್ಲಿ. ಮೂರನೆಯ ಸೆಮಿಸ್ಟರಿನಲ್ಲಿ ನೀನು ಕುಳಿತು ಮುರಿದ ಕುರ್ಚಿ ಈಗಿಲ್ಲ. ಇತಿಹಾಸದ ಬಗ್ಗೆ ಆಡಳಿತ ಮಂಡಳಿಗೆ ಗೌರವವಿಲ್ಲ. ಮೊದಲ ಭಾಷಣಕಾರರು ಡಿಜಿಟಲ್ ಟ್ವಿನ್ (ಯಂತ್ರಕ್ಕೆ ಕಂಪ್ಯೂಟರಿನಲ್ಲಿ ಕಟ್ಟುವ ಪ್ರತಿರೂಪ) ಕುರಿತು ತೊಂಬತ್ತು ಸ್ಲೈಡುಗಳನ್ನು ನಲವತ್ತು ನಿಮಿಷಗಳಲ್ಲಿ ಓಡಿಸಿದರು. ಎರಡನೆಯವರು ಘರ್ಷಣೆ, ಸವೆತ, ಎಣ್ಣೆಗಳ ಬಗ್ಗೆ ಸೊಗಸಾಗಿ ಮಾತನಾಡಿದರು. ಇವೆಲ್ಲವನ್ನೂ ಒಟ್ಟಿಗೆ ಓದುವ ಶಾಸ್ತ್ರಕ್ಕೆ ಟ್ರೈಬಾಲಜಿ ಎಂಬ ಹೆಸರು ಬಳಕೆಗೆ ಬಂದದ್ದೇ 1966ರಲ್ಲಿ, ಬ್ರಿಟನ್ನಿನ ಪೀಟರ್ ಜೋಸ್ಟ್ ಸಮಿತಿಯ ವರದಿಯಿಂದ. ಎಣ್ಣೆ, ಗ್ರೀಸುಗಳನ್ನು ಸರಿಯಾಗಿ ನೋಡಿಕೊಂಡರೆ ಆ ದೇಶಕ್ಕೆ ವರ್ಷಕ್ಕೆ 51.5 ಕೋಟಿ ಪೌಂಡು ಉಳಿಯುತ್ತದೆಂದು ಆ ವರದಿ ಅಂದಾಜು ಮಾಡಿತ್ತು. ಗ್ರೀಸ್ ಡಬ್ಬಿಯ ಮುಚ್ಚಳ ಹಾಕಲಿಲ್ಲವೆಂದು ವರ್ಕ್‌ಶಾಪಿನಲ್ಲಿ ನಿನಗೆ ಬಿದ್ದ ಏಟಿಗೆ ಅಂತರರಾಷ್ಟ್ರೀಯ ಆಧಾರವಿತ್ತೆಂದು ಆಗ ನನಗೆ ಹೊಳೆಯಿತು.

ಮೂರನೆಯವನು ನಾನು. ಬೇರಿಂಗ್ ಕೆಡುವ ಮುನ್ನ ಅದನ್ನು ಪತ್ತೆ ಮಾಡುವುದು ಹೇಗೆಂಬುದು ನನ್ನ ವಿಷಯ. ಮನೆಯ ಪಂಪಿನಿಂದ ಗಿರಣಿಯ ಮೋಟಾರಿನವರೆಗೆ ಎಲ್ಲೆಲ್ಲೂ ಇರುವ 6205 ಎಂಬ ನಂಬರಿನ ಬೇರಿಂಗನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಒಳಬಳೆ, ಹೊರಬಳೆಗಳ ನಡುವೆ ಒಂಬತ್ತು ಗುಂಡುಗಳಿರುವ ಆ ಬೇರಿಂಗು ನಿಮಿಷಕ್ಕೆ 1440 ಸುತ್ತು ತಿರುಗುವಾಗ, ಅದರ ಹೊರಬಳೆಯಲ್ಲಿ ಸಾಸಿವೆಗಿಂತ ಚಿಕ್ಕ ಗುಳಿ ಬಿದ್ದರೂ ಗುಂಡುಗಳು ಸೆಕೆಂಡಿಗೆ ಸುಮಾರು 86 ಬಾರಿ ಅದರ ಮೇಲೆ ಹಾಯುತ್ತವೆ. ಗುಳಿ ಒಳಬಳೆಯಲ್ಲಿದ್ದರೆ ಸುಮಾರು 130 ಬಾರಿ. ಪ್ರತಿಯೊಂದು ಪೆಟ್ಟಿಗೂ ಉಕ್ಕು ಸೆಕೆಂಡಿಗೆ ಕೆಲವು ಸಾವಿರ ಬಾರಿ ಕಂಪಿಸಿ, ಅಂದರೆ ಕೆಲವು ಸಾವಿರ ಹರ್ಟ್ಸ್‌ಗಳಲ್ಲಿ ಸಣ್ಣಗೆ ಝಣಗುಟ್ಟುತ್ತದೆ. ಮೊದಲು ಹುಟ್ಟುವುದು ಈ ತೆಳುವಾದ, ಎತ್ತರದ ದನಿ. ಎಲ್ಲರಿಗೂ ಕೇಳುವ ಗಡಗಡ ಸದ್ದು ಬರುವುದು ಕೊನೆಯಲ್ಲಿ, ಬೇರಿಂಗ್ ಬದಲಿಸಲೂ ಪುರಸೊತ್ತಿಲ್ಲದಾಗ. 'ಯಂತ್ರ ಮಾತನಾಡುತ್ತಲೇ ಇರುತ್ತದೆ, ಆಲಿಸುವ ಕಿವಿ ನಮಗಿರಬೇಕು' ಎಂದು ಮುಗಿಸಿದೆ. ಭಾರಿ ಚಪ್ಪಾಳೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಇಲ್ಲಿಗೇ ಪತ್ರ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಮಧ್ಯಾಹ್ನ ಕಾರ್ಯಾಗಾರಗಳು. ತ್ರೀಡಿ ಪ್ರಿಂಟಿಂಗಿಗೆ ಬಾಗಿಲಾಚೆಗೂ ಜನ ನಿಂತಿದ್ದರು. ಹಳೆಯ ಮಷಿನ್ ಶಾಪಿನ ಮೂಲೆಯಲ್ಲಿ ಮಾತ್ರ ಹದಿನಾಲ್ಕು ಮಕ್ಕಳಿದ್ದರು. ಅಲ್ಲಿ ಕಲಿಸುತ್ತಿದ್ದವರು ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದು, ಅದು ಮುಚ್ಚಿದ ಮೇಲೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡ ಮೇಸ್ತ್ರಿಯೊಬ್ಬರು. ಆಹ್ವಾನಪತ್ರಿಕೆಯಲ್ಲಿ ನಮ್ಮೆಲ್ಲರ ಭಾವಚಿತ್ರಗಳಿದ್ದವು, ಅವರದಿರಲಿಲ್ಲ. ಬೆಂಚಿನ ಮೇಲೆ ಒಂದೇ ಬಣ್ಣದ ಎರಡು ಮೋಟಾರುಗಳು ತಿರುಗುತ್ತಿದ್ದವು. ಒಂದರ ಬೇರಿಂಗು ಈಗಷ್ಟೇ ಕೆಡಲು ಶುರುವಾದದ್ದು, ಇನ್ನೊಂದರದು ಹೊಸದು. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಕವರಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ, ಯಾವುದು ಕೆಟ್ಟದ್ದೆಂದು ಮಕ್ಕಳು ಹೇಳಬೇಕಿತ್ತು. ಒಬ್ಬೊಬ್ಬರಾಗಿ ಬಂದು ಆಲಿಸಿ, ಹುಬ್ಬೇರಿಸಿ, ನಕ್ಕು ಹೋದರು. ನಾನು ಹೋದದ್ದು ನಿಜಕ್ಕೂ ಫೋಟೋಕ್ಕೆ. 'ಸರ್, ನೀವೂ ಕೇಳಿ' ಎಂದು ಮೇಸ್ತ್ರಿ ಹಿಡಿಯನ್ನು ನನ್ನ ಕೈಗಿತ್ತರು.

ಎರಡೂ ಮೋಟಾರುಗಳಲ್ಲಿ ನನಗೆ ಕೇಳಿಸಿದ್ದು ಒಂದೇ ಬಗೆಯ ಮಂದವಾದ ಗುಂಯ್ ಎಂಬ ಸದ್ದು. ಆದರೂ ತಲೆಯಾಡಿಸಿದೆ. ಅಷ್ಟಕ್ಕೇ ಸುಮ್ಮನಿರಬಾರದೇ? ಬಲಗಡೆಯ ಮೋಟಾರನ್ನು ತೋರಿಸಿ, 'ಹೊರಬಳೆಯ ದೋಷ, ಸ್ಪಷ್ಟವಾಗಿದೆ' ಎಂದೂ ಹೇಳಿಬಿಟ್ಟೆ. ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಮೆಲ್ಲನೆ, 'ಸರ್, ಅದು ಹೊಸ ಬೇರಿಂಗ್' ಎಂದಳು. ಮೇಸ್ತ್ರಿ ಕೂಡಲೇ, 'ಸರ್ ನಿಮ್ಮನ್ನು ಪರೀಕ್ಷೆ ಮಾಡಿದರು, ನೋಡಿ' ಎಂದು ಮಾತನ್ನು ತಿರುಗಿಸಿ ನನ್ನನ್ನು ಉಳಿಸಿದರು. ಮಕ್ಕಳು ನಕ್ಕರು. ನಾನೂ ನಕ್ಕೆ. ಫೋಟೋದಲ್ಲಿ ಇರುವುದು ಆ ನಗುವೇ.

ಆಮೇಲೆ ನಲ್ಲಿಯ ಬಳಿ ಕೈ ತೊಳೆಯುವಾಗ ಅವರು ಹತ್ತಿರ ಬಂದು, ನನ್ನ ಮುಖವನ್ನೇ ನೋಡುತ್ತ, ನಿಧಾನವಾಗಿ ಹೇಳಿದರು: 'ನನಗೂ ಈಗ ಅದು ಕೇಳುವುದಿಲ್ಲ ಸರ್, ಆರೇಳು ವರ್ಷವಾಯಿತು. ಹುಡುಗರ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಅವರ ಮುಖ ನೋಡುತ್ತೇನೆ. ಕೇಳಿಸಿದವರ ಮುಖವೇ ಬೇರೆ ಇರುತ್ತದೆ.'

ಗೆಳೆಯ, ಇದು ನನಗೆ ಅಂದೇ ತಿಳಿದ ವಿಷಯವೆಂದರೆ ಸುಳ್ಳಾಗುತ್ತದೆ. ಊಟ ಬಡಿಸುವಾಗ ಮಗಳು 'ಸಾಕು' ಎಂದರೆ ನನಗೆ 'ಹಾಕು' ಎಂದು ಕೇಳಿಸಿ, ಇನ್ನೊಂದು ಸೌಟು ಸಾರು ಸುರಿದು ಬೈಸಿಕೊಳ್ಳುವುದು ಎರಡು ವರ್ಷಗಳಿಂದ ನಡೆದಿದೆ. ಸಕಾರದ ಸದ್ದಿನ ಬಹುಪಾಲು ಇರುವುದು ಎತ್ತರದ ಆವರ್ತನಗಳಲ್ಲಿ; ಶಬ್ದದ ಪೆಟ್ಟು ತಿಂದ ಕಿವಿ ಸಾಮಾನ್ಯವಾಗಿ ಮೊದಲು ಸೋಲುವುದು 4000 ಹರ್ಟ್ಸ್‌ನ ಆಸುಪಾಸಿನಲ್ಲಿ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬೇರಿಂಗ್ ತನ್ನ ಮೊದಲ ಸಂಕಟವನ್ನು ಹೇಳಿಕೊಳ್ಳುವ ಜಾಗದಲ್ಲಿಯೇ ನನ್ನ ಕಿವಿ ಕೆಟ್ಟಿದೆ, ನೋಡು. ಮಾತು ಕೇಳುತ್ತದೆ, ಯಾವ ಮಾತೆಂದು ಮಾತ್ರ ತಿಳಿಯುವುದಿಲ್ಲ.

ಇಷ್ಟನ್ನು ಬರೆಯಬೇಕೆಂದೇ ಕುಳಿತಿದ್ದೆ. ಮುಂದಿನದನ್ನಲ್ಲ.

ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ಅಂದರೆ ತಗಡನ್ನು ಯಂತ್ರದಿಂದ ಒತ್ತಿ ಆಕಾರ ಕೊಡುವ ವಿಭಾಗದಲ್ಲಿ, ನಾನು ಇಪ್ಪತ್ತೆರಡು ವರ್ಷ ದುಡಿದೆ. ನಾವು ಪಾಲಿಸಬೇಕಿದ್ದ ನಿಯಮದಂತೆ 90 ಡೆಸಿಬೆಲ್‌ನಲ್ಲಿ ಎಂಟು ಗಂಟೆ, 95ರಲ್ಲಿ ನಾಲ್ಕು, 100ರಲ್ಲಿ ಎರಡೇ ಗಂಟೆ ನಿಲ್ಲಬಹುದಿತ್ತು. ದೊಡ್ಡ ಪ್ರೆಸ್ಸಿನ ಬಳಿ ಮೀಟರಿನ ಮುಳ್ಳು 100ನ್ನು ದಾಟುತ್ತಿತ್ತು, ನಮ್ಮವರು ಪೂರ್ತಿ ಶಿಫ್ಟು ನಿಲ್ಲುತ್ತಿದ್ದರು. ಶಬ್ದದಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ಅಂದರೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದ್ದದ್ದು ನನಗೆ ಗೊತ್ತಿತ್ತು. ತರಬೇತಿಯಲ್ಲಿ ಆ ಪಾಠ ಮಾಡುತ್ತಿದ್ದವನೇ ನಾನು. ಇಯರ್‌ಪ್ಲಗ್ ಹಂಚಲಾಗಿದೆ, ಶ್ರವಣ ಪರೀಕ್ಷೆ ಮುಗಿದಿದೆ ಎಂದು ವರ್ಷವರ್ಷವೂ ರಿಜಿಸ್ಟರಿಗೆ ಸಹಿ ಹಾಕಿದವನೂ ನಾನೇ. ಪ್ಲಗ್ಗುಗಳು ಸ್ಟೋರಿನ ಕಪಾಟಿನಲ್ಲಿಯೇ ಇರುತ್ತಿದ್ದವು. ನಾನೂ ಹಾಕಿಕೊಳ್ಳುತ್ತಿರಲಿಲ್ಲ, ಹಾಕಿಕೊಂಡರೆ ಹುಡುಗರು ಆಫೀಸಿನ ಸಾಹೇಬ ಎಂದುಕೊಳ್ಳುತ್ತಾರೆಂಬ ಹಮ್ಮು. ಒಬ್ಬ ಆಪರೇಟರ್ ಏನು ಹೇಳಿದರೂ 'ಆಂ?' ಎನ್ನುತ್ತಿದ್ದ. ಅವನಿಗೆ 'ಆಂ ಸಾಹೇಬ' ಎಂದು ಹೆಸರಿಟ್ಟವನು ನಾನು. ಇಡೀ ಶಾಪು ನಗುತ್ತಿತ್ತು, ಪಾಪ, ಅವನೂ ನಗುತ್ತಿದ್ದ. ಅವನಿಗೆ ಆ ಹೆಸರು ಸರಿಯಾಗಿ ಕೇಳಿಸಿತ್ತೋ ಇಲ್ಲವೋ ಎಂಬುದು ಮೊನ್ನೆ ನಲ್ಲಿಯ ಬಳಿಯಿಂದ ನನ್ನನ್ನು ಕಾಡುತ್ತಿದೆ. ಮುನ್ನೂರು ಜನರ ಮುಂದೆ ಆಲಿಸುವ ಕಿವಿಯ ಬಗ್ಗೆ ಭಾಷಣ ಬಿಗಿದವನು ಈ ಮನುಷ್ಯ.

ಇರಲಿ ಬಿಡು. ಇದನ್ನೆಲ್ಲ ಅಳಿಸಬೇಕೆಂದಿದ್ದೆ, ಟೈಪು ಮಾಡಿ ಹೆಬ್ಬೆರಳು ನೋಯುತ್ತಿರುವುದರಿಂದ ಉಳಿಸಿಕೊಂಡಿದ್ದೇನೆ. ಕಿವಿಯ ಪರೀಕ್ಷೆಗೆ ಮುಂದಿನ ವಾರ ಹೋಗುತ್ತೇನೆ. ನೀನು ಗಾಬರಿಯಾಗಿ ಫೋನು ಮಾಡಬೇಡ, ಮಾಡಿದರೂ ನಾನು ನಿನಗೆ ಕೊಡಬೇಕಾದ ಜಾಮೂನಿನ ಬಾಕಿಯ ವಿಷಯ ಎತ್ತಬೇಡ. ಆ ಒಂದು ಪದ ಮಾತ್ರ ನನಗೆ ಯಾವ ಆವರ್ತನದಲ್ಲಿಯೂ ಕೇಳಿಸುವುದಿಲ್ಲವೆಂದು ವೈದ್ಯರಿಂದ ಬರೆಸಿಕೊಂಡು ಬರುತ್ತೇನೆ.

ನಿನ್ನ,
ಗವರ್ನರ್

ತಾ.ಕ.: ಕಾರ್ಯಾಗಾರದ ಪ್ರಮಾಣಪತ್ರ ನಿನ್ನೆ ಅಂಚೆಯಲ್ಲಿ ಬಂತು. 'ಇವರು ಯಂತ್ರಗಳ ಧ್ವನಿಯನ್ನು ಆಲಿಸುವ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿರುತ್ತಾರೆ' ಎಂದು ಅಚ್ಚಾಗಿದೆ. ಮಗಳು ಅದನ್ನು ಊಟದ ಮೇಜಿನ ಎದುರು, ಸಾರಿನ ಪಾತ್ರೆ ಇಡುವ ಜಾಗದ ಮೇಲೆ ಅಂಟಿಸಿದ್ದಾಳೆ.