ದರ ಹೇಳುವ ಮೊದಲು ವೆಚ್ಚದ ಪಟ್ಟಿ ತೋರಿಸಿ

ಮಾನ್ಯ ಸಂಪಾದಕರೇ,

ಕಬ್ಬಿನ ದರದ ಗದ್ದಲ ನಮ್ಮ ಭಾಗಕ್ಕೆ ಹೊಸದಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು, ಕಟಾವು–ಸಾಗಣೆ ಖರ್ಚು ಬಿಟ್ಟು, ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು. ಮಾತುಕತೆ 3,300ಕ್ಕೆ ಬಂದು ನಿಂತಿತು. ಅಷ್ಟೂ ದಿನ ಪತ್ರಿಕೆಗಳನ್ನು ಬಿಡದೆ ಓದಿದೆ. ರೈತರು ಸಾಲದ ಮಾತಾಡಿದರು, ಮಾಲೀಕರು ನಷ್ಟದ ಮಾತಾಡಿದರು, ಮಂತ್ರಿಗಳು ದಿಲ್ಲಿಯ ಕಡೆ ಕೈ ತೋರಿಸಿದರು. ಒಂದು ಟನ್ ಕಬ್ಬು ಅರೆಯಲು ಯಾವ ಬಾಬ್ತಿಗೆ ಎಷ್ಟು ಖರ್ಚು ಎಂಬ ಪಟ್ಟಿ ಮಾತ್ರ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಸಕ್ಕರೆ ಕಾರ್ಖಾನೆಯೊಂದರ ಕಾಸ್ಟಿಂಗ್ (ವೆಚ್ಚದ ಲೆಕ್ಕ) ವಿಭಾಗದಲ್ಲಿ ಕೂತು ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಜಗಳವೆಲ್ಲ ಇರುವುದು ಆ ಪಟ್ಟಿಯಲ್ಲೇ ಎಂಬುದು ನನಗೆ ಗೊತ್ತು. ಅದಕ್ಕೇ ಈ ಪತ್ರ.

ಮೊದಲು ಕಟಾವು ಮತ್ತು ಸಾಗಣೆಯ ವಿಷಯ. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ), ಶೇ 10.25ರ ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ) ಕ್ವಿಂಟಲ್‌ಗೆ 355 ರೂಪಾಯಿ. ಅಂದರೆ ಟನ್ನಿಗೆ 3,550. ಇದು ಗೇಟಿಗೆ ಬಂದು ಬಿದ್ದ ಕಬ್ಬಿನ ಬೆಲೆ. ಕಟಾವಿಗೆ ಟೋಳಿ (ಕೂಲಿಗಳ ತಂಡ) ಕಳಿಸುವುದು, ಗಾಡಿ ಹಚ್ಚುವುದು ಕಾರ್ಖಾನೆಯಾದರೆ ಆ ಖರ್ಚನ್ನು ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಟನ್ನಿಗೆ ಎಂಟುನೂರರ ಆಜುಬಾಜು ಹೋಗುತ್ತದೆ. ಆ ಎಂಟುನೂರರಲ್ಲಿ ಏನೇನು ಸೇರಿದೆ? ಕೂಲಿ ಮತ್ತು ಬಾಡಿಗೆ ಸರಿ. ಟೋಳಿಯ ಮೇಸ್ತ್ರಿ ಮುಕಾದಮನ ಕಮಿಷನ್ನೂ ಸರಿ ಎನ್ನೋಣ. ಮುಂಗಡ ಇಸಿದುಕೊಂಡು ಬಾರದೇ ಹೋದ ಟೋಳಿಯ ಮುಳುಗಿದ ಹಣ ಎಲ್ಲಿಗೆ ಸೇರಬೇಕು? ಅದು ಕಾರ್ಖಾನೆಯ ವಸೂಲಾಗದ ಬಾಕಿ, ನಷ್ಟದ ಖಾತೆಗೆ ಹೋಗಬೇಕಾದ್ದು. ಅದನ್ನು ಕಟಾವು ವೆಚ್ಚಕ್ಕೆ ಸೇರಿಸಿಬಿಟ್ಟರೆ, ಎಂದೂ ಮುಖ ನೋಡದ ಮುಕಾದಮನ ಸಾಲವನ್ನು ರೈತ ತೀರಿಸಿದಂತಾಯಿತು. ಇನ್ನೊಂದು, ಸರಾಸರಿ. ಎಷ್ಟೋ ಕಡೆ ಗೇಟಿನಿಂದ ಐದು ಕಿಲೊಮೀಟರ್ ದೂರದವನಿಗೂ ಐವತ್ತು ಕಿಲೊಮೀಟರ್ ದೂರದವನಿಗೂ ಒಂದೇ ದರ ಮುರಿಯುತ್ತಾರೆ. ದೂರದ ಕಬ್ಬು ತರಿಸುವುದು ಗಾಣ ನಿಲ್ಲಬಾರದೆಂಬ ಕಾರ್ಖಾನೆಯ ಗರಜಿಗೆ. ಅದರ ಬಾಡಿಗೆಯಲ್ಲಿ ಪಕ್ಕದ ಹೊಲದವನಿಗೇಕೆ ಪಾಲು?

ಇನ್ನು ಉಪಉತ್ಪನ್ನ. ಒಂದು ಟನ್ ಕಬ್ಬು ಅರೆದರೆ ಸುಮಾರು ನೂರು ಕೆ.ಜಿ. ಸಕ್ಕರೆ, 280ರಿಂದ 300 ಕೆ.ಜಿ. ಬಗಾಸ್ (ರಸ ಹಿಂಡಿದ ಸಿಪ್ಪೆ), 40–45 ಕೆ.ಜಿ. ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ), ಮೂವತ್ತು–ನಲವತ್ತು ಕೆ.ಜಿ. ಪ್ರೆಸ್‌ಮಡ್ (ರಸ ಸೋಸಿದಾಗ ಉಳಿಯುವ ಗಸಿ) ಸಿಗುತ್ತದೆ. ಕಬ್ಬಿನ ಬೆಲೆ, ಅರೆಯುವ ಖರ್ಚು ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟಿ, ಉಳಿದವುಗಳಿಂದ ಬಂದ ಹಣವನ್ನು ಅದರಲ್ಲಿ ಕಳೆಯುವುದು ಹಳೆಯ ಪದ್ಧತಿ. ಕಾಕಂಬಿಯನ್ನು ಹೊರಗೆ ಮಾರುತ್ತಿದ್ದ ಕಾಲದಲ್ಲಿ ಇದರಲ್ಲಿ ತಪ್ಪಿರಲಿಲ್ಲ, ಬಂದ ದುಡ್ಡು ಕಣ್ಣಿಗೆ ಕಾಣುತ್ತಿತ್ತು. ಈಗ ಅದು ಕಾಂಪೌಂಡಿನೊಳಗಿನ ಪೈಪಿನಲ್ಲೇ ಮದ್ಯಸಾರ ತಯಾರಿಸುವ ಡಿಸ್ಟಿಲರಿಗೆ ಹೋಗುತ್ತದೆ. ಯಾವ ಬೆಲೆಗೆ? ಮಾಲೀಕ ಬರೆದ ಬೆಲೆಗೆ. ಉದಾಹರಣೆಗೆ, ಪೇಟೆಯಲ್ಲಿ ಟನ್ ಕಾಕಂಬಿಗೆ ಹತ್ತು ಸಾವಿರ ರೂಪಾಯಿ ಇದ್ದು, ಲೆಕ್ಕದಲ್ಲಿ ಐದು ಸಾವಿರ ಬರೆದರು ಎನ್ನಿ. 45 ಕೆ.ಜಿ.ಗೆ 450 ರೂಪಾಯಿ ಆಗಬೇಕಾದಲ್ಲಿ 225 ಆಯಿತು. ಸಕ್ಕರೆ ವಿಭಾಗಕ್ಕೆ ಟನ್ ಕಬ್ಬಿನ ಮೇಲೆ 225 ರೂಪಾಯಿ ‘ನಷ್ಟ’, ಡಿಸ್ಟಿಲರಿಗೆ ಅಷ್ಟೇ ಲಾಭ. ಗುರ್ಲಾಪುರದಲ್ಲಿ ಜನ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇದ್ದ ಅಂತರ 200 ರೂಪಾಯಿ. ಬಗಾಸ್‌ನದೂ ಇದೇ ಕಥೆ: ಬಾಯ್ಲರ್‌ಗೆ ಹೋದದ್ದು ಎಷ್ಟು, ಅದರ ಹಬೆಯಲ್ಲಿ ಸಕ್ಕರೆಗೆ ಬಳಸಿದ್ದು ಎಷ್ಟು, ಗ್ರಿಡ್‌ಗೆ ಮಾರಿದ ಕರೆಂಟ್ ಎಷ್ಟು, ಎಲ್ಲಕ್ಕೂ ಮೀಟರ್ ಇದೆ. ಲೆಕ್ಕ ಕೊಡಲು ಬಾರದು ಎನ್ನುವಂತಿಲ್ಲ.

2018ರ ಜೈವಿಕ ಇಂಧನ ನೀತಿಯ ನಂತರವಂತೂ ಬಿ–ಹೆವಿ ಕಾಕಂಬಿಯಿಂದ (ಸಕ್ಕರೆಯನ್ನು ಪೂರ್ತಿ ತೆಗೆಯದೆ ಬಿಟ್ಟದ್ದು), ನೇರ ಕಬ್ಬಿನ ಹಾಲಿನಿಂದ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮಾಡಲು ದಾರಿ ತೆರೆದಿದೆ. ಸಕ್ಕರೆ ಬರಬೇಕಾದ ರಸವನ್ನು ಬೇಕೆಂದೇ ಡಿಸ್ಟಿಲರಿಗೆ ತಿರುಗಿಸುತ್ತಿದ್ದೇವೆ ಎಂದಮೇಲೆ ಎಥೆನಾಲ್ ಉಪಉತ್ಪನ್ನ ಹೇಗಾಗುತ್ತದೆ? ಅದು ಸಕ್ಕರೆಯ ಸರಿಸಮ. ಕಬ್ಬಿನ ವೆಚ್ಚವನ್ನೂ ಬಂದ ಆದಾಯವನ್ನೂ ಎರಡರ ನಡುವೆ ಸರಿಯಾಗಿ ಹಂಚಬೇಕು. ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿ 2012ರಲ್ಲೇ ಸಕ್ಕರೆ ಮತ್ತು ಉಪಉತ್ಪನ್ನಗಳ ಒಟ್ಟು ಮೌಲ್ಯದ ಶೇ 70ರಷ್ಟು ರೈತನಿಗೆ ಎಂದು ಹೇಳಿತ್ತು. ಒಟ್ಟು ಮೌಲ್ಯ ಎಷ್ಟೆಂದೇ ಗೊತ್ತಿಲ್ಲದಿದ್ದರೆ ಯಾವುದರಲ್ಲಿ ಎಪ್ಪತ್ತು?

ಮಾಲೀಕರ ಕಷ್ಟ ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಬೇಕು. ಕಾಯಂ ನೌಕರರ ಸಂಬಳ, ಯಂತ್ರಗಳ ಸವಕಳಿ, ಗಾಣ ನಿಂತ ತಿಂಗಳುಗಳಲ್ಲಿ ಮಾಡುವ ರಿಪೇರಿ, ಇವೆಲ್ಲ ಕಬ್ಬು ಬಂದರೂ ಬಾರದಿದ್ದರೂ ತಪ್ಪದ ವೆಚ್ಚ. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಗೆ ವರ್ಷಕ್ಕೆ 45 ಕೋಟಿ ಇಂಥ ಖರ್ಚಿದೆ ಎಂದು ಲೆಕ್ಕಕ್ಕಾಗಿ ಹಿಡಿಯಿರಿ. ಹಂಗಾಮು 150 ದಿನ ನಡೆದರೆ ಟನ್ನಿಗೆ 600 ರೂಪಾಯಿ ಬೀಳುತ್ತದೆ. ತೊಂಬತ್ತಕ್ಕೇ ಮುಗಿದರೆ 1,000. ಹತ್ತಿರ ಹತ್ತಿರ ಕಾರ್ಖಾನೆಗಳಿಗೆ ಅನುಮತಿ ಕೊಟ್ಟು, ಇದ್ದ ಕಬ್ಬಿಗೇ ಎಲ್ಲರೂ ಕಿತ್ತಾಡುವಂತೆ ಮಾಡಿದವರು ಈ 400 ರೂಪಾಯಿಗೆ ಉತ್ತರ ಹೇಳಬೇಕು. ಆದರೆ ಗಾಣ ಕೆಟ್ಟು ನಿಂತ ದಿನಗಳ ಖರ್ಚು ಬೇರೆಯದು. ಅದು ಅಸಹಜ ನಷ್ಟ, ಉತ್ಪಾದನಾ ವೆಚ್ಚದೊಳಗೆ ಬರುವಂತಿಲ್ಲ. ಅದನ್ನೂ ಸಕ್ಕರೆಯ ಮೇಲೆ ಹಾಕಿ ‘ಕೆ.ಜಿ.ಗೆ ಇಷ್ಟು ಬೀಳುತ್ತದೆ’ ಎನ್ನುವುದು ನ್ಯಾಯವಲ್ಲ.

ದಾಖಲೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2014ರ ವೆಚ್ಚ ದಾಖಲೆ ಮತ್ತು ಲೆಕ್ಕಪರಿಶೋಧನೆ ನಿಯಮಗಳಡಿ ಸಕ್ಕರೆ ನಿಯಂತ್ರಿತ ವಲಯದಲ್ಲಿದೆ. ವಾರ್ಷಿಕ ವಹಿವಾಟು 35 ಕೋಟಿ ದಾಟಿದ ಸಕ್ಕರೆ ಕಂಪನಿ ವೆಚ್ಚ ದಾಖಲೆ ಇಡಲೇಬೇಕು, ಇನ್ನೂ ದೊಡ್ಡವಾದರೆ ಕಾಸ್ಟ್ ಆಡಿಟ್ ಮಾಡಿಸಲೇಬೇಕು. ತಿಂಗಳ ಕೊನೆಗೆ ಕೆಮಿಸ್ಟರು ಪ್ಯಾನು, ಟ್ಯಾಂಕುಗಳಲ್ಲಿ ಇನ್ನೂ ಪಾಕವಾಗಿಯೇ ಇರುವ ಸಕ್ಕರೆಯನ್ನೂ ಅಳೆದು ಬರೆದುಕೊಡುತ್ತಾರೆ, ಅಷ್ಟು ಸೂಕ್ಷ್ಮ ಲೆಕ್ಕ ಅಲ್ಲಿದೆ. ಆದರೆ ಆಡಿಟ್ ವರದಿ ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ, ಕಬ್ಬು ಕೊಟ್ಟವನ ಕೈಗೆ ಬರುವುದಿಲ್ಲ. ಸಹಕಾರಿ ಕಾರ್ಖಾನೆಗಳು ಕಂಪನಿಗಳಲ್ಲವಾದ್ದರಿಂದ ಈ ನಿಯಮದ ಹೊರಗೇ ಉಳಿಯುತ್ತವೆ. ರೈತನೇ ಸದಸ್ಯನಾದ ಕಡೆಯೇ ಈ ಸಡಿಲಿಕೆ!

ರೈತನ ವೆಚ್ಚವನ್ನಾದರೂ ನೆಟ್ಟಗೆ ಹಿಡಿಯುತ್ತಾರೆಯೇ? 2025–26ರ ಎಫ್‌ಆರ್‌ಪಿ ಪ್ರಕಟಿಸುವಾಗ ಕಬ್ಬು ಬೆಳೆಯುವ ಖರ್ಚು ಕ್ವಿಂಟಲ್‌ಗೆ 173 ರೂಪಾಯಿ, ದರ ಅದರ ಎರಡು ಪಟ್ಟಿಗೂ ಹೆಚ್ಚು ಎಂದು ಕೇಂದ್ರ ಹೇಳಿಕೊಂಡಿತು. ಆ 173ರಲ್ಲಿ ಗೊಬ್ಬರ, ಕೂಲಿ, ಮನೆಯವರ ದುಡಿಮೆ ಇದೆ. ಸ್ವಂತ ಹೊಲದ ಬಾಡಿಗೆ ಇಲ್ಲ. ಕಾರ್ಖಾನೆಯ ಸ್ವಂತ ಕಟ್ಟಡಕ್ಕೆ ಸವಕಳಿ ಹಿಡಿಯುವವರು, ರೈತನ ಸ್ವಂತ ಜಮೀನಿಗೆ ಮಾತ್ರ ಬೆಲೆಯೇ ಇಲ್ಲವೆಂದು ಬಿಟ್ಟರು.

ಕಬ್ಬು ಅಭಿವೃದ್ಧಿ ಆಯುಕ್ತರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಹಂಗಾಮಿನ ದರದ ಸಭೆಗೆ ಮೊದಲು, ಸಹಕಾರಿಯೂ ಸೇರಿ ಪ್ರತಿ ಕಾರ್ಖಾನೆಯಿಂದ ಟನ್‌ವಾರು ವೆಚ್ಚದ ಪಟ್ಟಿ ತರಿಸಿ, ಕನ್ನಡದಲ್ಲಿ ಪ್ರಕಟಿಸಲಿ. ನಮೂನೆ ತಯಾರಿಸುವ ಕೆಲಸವನ್ನು ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಗೆ ಒಪ್ಪಿಸಬಹುದು. ಪಟ್ಟಿಯಲ್ಲಿ ಕಾಕಂಬಿ, ಬಗಾಸ್‌ಗಳನ್ನು ಒಳಗೊಳಗೇ ವರ್ಗಾಯಿಸಿದ ಬೆಲೆಗೂ ಅದೇ ತಿಂಗಳ ಪೇಟೆ ಬೆಲೆಗೂ ಅಕ್ಕಪಕ್ಕ ಎರಡು ಕಾಲಂ ಇರಲಿ. ಕಟಾವು–ಸಾಗಣೆಯನ್ನು ಕೂಲಿ, ಬಾಡಿಗೆ, ಕಮಿಷನ್, ಮುಳುಗಿದ ಮುಂಗಡ ಎಂದು ಬಿಡಿಸಿ ಬರೆಯಲಿ.

— ನಿವೃತ್ತ ಕಾಸ್ಟ್ ಅಕೌಂಟೆಂಟ್, ಜಮಖಂಡಿ