ಕನ್ನಡ ಟೈಪಿಂಗ್ ಕಲಿ, ಮಗಳೇ

ಪ್ರೀತಿಯ ಮಗಳೇ,

ಸೋಮವಾರ ಬದಿಯಡ್ಕಕ್ಕೆ ಟೀಚರಾಗಿ ಹೋಗುತ್ತೀಯ. ಯಾವ ಸೀರೆ ಉಡಲಿ ಎಂದು ಫೋನಿನಲ್ಲಿ ಕೇಳಿದೆ, ಹೇಳಿದೆ. ನೀನು ಕೇಳದ ಒಂದು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರೊಜೆಕ್ಟರ್ ಬಂದ ಹೊಸತರಲ್ಲಿ ವೃತ್ತದ ಪಾಠದ ಪ್ರಶ್ನೆಗಳನ್ನು ಪೇಟೆಯ ಅಂಗಡಿಯಲ್ಲಿ ಟೈಪ್ ಮಾಡಿಸಿ ತಂದಿದ್ದೆ. ಕ್ಲಾಸಿನಲ್ಲಿ ಫೈಲ್ ತೆರೆದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಮುಂದಿನ ಬೆಂಚಿನ ಹುಡುಗಿ "ಟೀಚರ್, ಇದು ಯಾವ ಭಾಷೆ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅದು ಕನ್ನಡವೇ ಆಗಿತ್ತು. ಹಳೆಯ ಆಸ್ಕಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದಿಲ್ಲ. ವಿಂಡೋಸ್ ಬದಲು ಉಬುಂಟು ವ್ಯವಸ್ಥೆ ಇರುವ ನಮ್ಮ ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಅದು ಇರಲಿಲ್ಲ, ಅಷ್ಟೇ. ಯುನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿವೆ, ಯಾವ ಕಂಪ್ಯೂಟರಿನಲ್ಲೂ ಅವು ಬದಲಾಗುವುದಿಲ್ಲ. ಆದ್ದರಿಂದ ನೀನು ಮಾಡುವುದೆಲ್ಲ ಯುನಿಕೋಡ್‌ನಲ್ಲೇ ಇರಲಿ.

ಆ ರಾತ್ರಿಯೇ ಕಲಿಯಲು ಕೂತೆ. ಕನ್ನಡ ಟೈಪ್ ಮಾಡಲು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಉಬುಂಟುವಿನಲ್ಲೂ ಸಿಗುತ್ತದೆ. ಒತ್ತಕ್ಷರಕ್ಕೆ ಎಫ್ ಕೀ. ಎ, ಎಂ, ಎಫ್, ಎಂ ಒತ್ತಿದರೆ 'ಅಮ್ಮ'. ಮೊದಲು ಬರೆದ ಪದ ಅದು. ದಿನಕ್ಕೆ ಅರ್ಧ ಗಂಟೆ ಕೂತರೂ ಬೆರಳಿಗೆ ಬರುತ್ತದೆ.

ಬೇರೆ ಕಡೆಯ ಟೀಚರಿಗೆ ಇದು ಇಲ್ಲದಿದ್ದರೂ ನಡೆದೀತು. ನಮಗೆ ನಡೆಯುವುದಿಲ್ಲ. ನಮ್ಮ ಕಾಸರಗೋಡು 1956ರಿಂದ ಕೇರಳದಲ್ಲಿದೆ. ವಾಟ್ಸಾಪ್ ಗುಂಪಿಗೆ ಒಳ್ಳೆಯ ಅಭ್ಯಾಸದ ಹಾಳೆ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಅದೇ ದಿನ ನಮ್ಮ ಕನ್ನಡ ಮೀಡಿಯಂ ಮಕ್ಕಳ ಕೈಗೆ ಸಿಗಬೇಕಾದರೆ ಯಾರಾದರೂ ಕೂತು ಕನ್ನಡದಲ್ಲಿ ಬರೆಯಬೇಕು. ಆ ಯಾರಾದರೂ ನೀನೇ, ಅಲ್ವಾ? ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿ, 2020ರ ಜೂನ್ 1ಕ್ಕೆ ಕೇರಳದ ಶೈಕ್ಷಣಿಕ ಟಿವಿಯಾದ ವಿಕ್ಟರ್ಸ್ ಚಾನೆಲ್‌ನಲ್ಲಿ ಫಸ್ಟ್ ಬೆಲ್ ತರಗತಿಗಳು ಶುರುವಾದಾಗ ನನ್ನ ಟೈಪಿಂಗ್ ಎಷ್ಟು ಉಪಯೋಗಕ್ಕೆ ಬಂತು ಅಂದರೆ, ದಿನಾ ಸಂಜೆ ಮಕ್ಕಳಿಗೆ ಒಂದು ಪುಟ ಟಿಪ್ಪಣಿ ಕಳಿಸುತ್ತಿದ್ದೆ.

ಇನ್ನೊಂದು, ಜಿಯೋಜೀಬ್ರಾ, ಗಣಿತದ ಚಿತ್ರಗಳನ್ನು ಪರದೆಯ ಮೇಲೆ ಬಿಡಿಸಿ ಎಳೆದಾಡಿಸುವ ತಂತ್ರಾಂಶ. ಅರ್ಧವೃತ್ತದೊಳಗಿನ ಕೋನ 90 ಡಿಗ್ರಿ ಎಂದು ಬೋರ್ಡಿನಲ್ಲಿ ವರ್ಷಗಟ್ಟಲೆ ಬರೆದಿದ್ದೇನೆ, ಮಕ್ಕಳು ಸುಮ್ನೆ ಬರೆದುಕೊಂಡಿದ್ದಾರೆ. ಪರದೆಯ ಮೇಲೆ ಆ ಕೋನದ ತುದಿಯ ಬಿಂದುವನ್ನು ಕಂಸದ ಉದ್ದಕ್ಕೂ ಎಳೆಯುತ್ತಾ ಹೋದೆ. ಕೋನ ಕದಲಲೇ ಇಲ್ಲ. "ಇನ್ನೊಮ್ಮೆ ಟೀಚರ್!" ಎಂದು ಹಿಂದಿನ ಬೆಂಚಿನವರು ಎದ್ದು ನಿಂತರು. ಮೌಸ್ ಅವರ ಕೈಗೇ ಕೊಟ್ಟೆ.

ಪಾಠವನ್ನು ಹಿಂದಿನ ದಿನವೇ ಮನೆಯಲ್ಲಿ ಪೂರ್ತಿ ಮಾಡಿ ನೋಡು. ಮಳೆಗಾಲದಲ್ಲಿ ಕರೆಂಟು ಹೋಗುವುದು ಜಾಸ್ತಿ, ಸೀಮೆಸುಣ್ಣದಲ್ಲೂ ಅದೇ ಪಾಠ ಸಿದ್ಧ ಇರಲಿ.

ಭಾನುವಾರ ಬರುವಾಗ ಲ್ಯಾಪ್‌ಟಾಪ್ ತಾ. ನಿನ್ನ ಮೊದಲ ಪಾಠವನ್ನು ಇಬ್ಬರೂ ಕೂತು ಟೈಪ್ ಮಾಡೋಣ.

ನಿನ್ನ
ಅಮ್ಮ