ಗುರುವಾರ ರಿಪೋರ್ಟ್ ಬರುತ್ತದೆ

ಅವ್ವಾ,

ಊಟ ಆಯಿತಾ? ಮಗಳೇ, ನನ್ನ ಹೃದಯದ ತೊಂದರೆಯನ್ನು ಫೋನಿನಲ್ಲಿ ಹೇಳಲು ಹೋದರೆ ನೀನು ಅಳುತ್ತೀ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಯುಗಾದಿಗೆ ಬಂದಾಗ ನೀನು ನನ್ನ ಹಣೆಯ ಗಾಯ ನೋಡಿ ಏನಾಯಿತಪ್ಪಾ ಎಂದು ಕೇಳಿದ್ದೆ. ಬಾಗಿಲು ಬಡಿಯಿತು ಎಂದಿದ್ದೆ. ಅದು ಸುಳ್ಳು. ಹಬ್ಬಕ್ಕೆ ಹತ್ತು ದಿನ ಮುಂಚೆ ರಾತ್ರಿ ಹೊಲದಲ್ಲಿ ನಮ್ಮ ನೀರಿನ ಸರದಿ ಇತ್ತು. ಒಡ್ಡಿನ ಮೇಲೆ ನಿಂತಿದ್ದವನು ಕಣ್ಣು ಕತ್ತಲಾಗಿ ಬಿದ್ದೆ. ಎಚ್ಚರವಾದಾಗ ಬಾಯಲ್ಲಿ ಮಣ್ಣಿತ್ತು. ನಿನ್ನ ಪರೀಕ್ಷೆ ಹತ್ತಿರ ಇತ್ತಲ್ಲ, ನಿನಗೆ ಹೇಳಬೇಡ ಎಂದು ನಿಮ್ಮವ್ವನಿಗೂ ಹೇಳಿದ್ದೆ. ತಪ್ಪು ಮಾಡಿದೆ ತಾಯಿ.

ಹತ್ತಿರದ ಡಾಕ್ಟರು ಗ್ಯಾಸ್ ಎಂದರು. ಒಂದು ತಿಂಗಳು ಆ ಗುಳಿಗೆ ನುಂಗಿದೆ. ಮತ್ತೆ ಎರಡು ಸಲ ತಲೆ ಸುತ್ತಿದ ಮೇಲೆ ನಿಮ್ಮವ್ವ ಹಟ ಹಿಡಿದು ರಾಯಚೂರಿಗೆ ಕರೆದುಕೊಂಡು ಹೋದಳು. ಇಸಿಜಿ ಮಾಡಿದರು. ಸುಮ್ನೆ ಮಲಗಿದ್ದಾಗ ನಾಡಿ ನಿಮಿಷಕ್ಕೆ 60ರಿಂದ 100 ಇರಬೇಕಂತೆ. ನನ್ನದು 44.

ಡಾಕ್ಟರು 'ಹಾರ್ಟ್ ಬ್ಲಾಕ್' ಎಂದ ಕೂಡಲೇ ಊರಲ್ಲಿ ಎಲ್ಲರೂ ಸ್ಟೆಂಟ್ ಹಾಕಿದರಾ ಎಂದು ಕೇಳುತ್ತಿದ್ದಾರೆ. ನೀನೂ ಹಾಗೇ ತಿಳಿಯಬೇಡ. ರಕ್ತನಾಳದ ಮಾತೇ ಅಲ್ಲ ಇದು. ಹೃದಯದ ಮೇಲ್ಭಾಗದಲ್ಲಿ ಒಂದು ಕಡೆ ತಾನಾಗಿಯೇ ಕರೆಂಟು ಹುಟ್ಟುತ್ತದೆ. ಅದು ನಡುವೆ ಎವಿ ನೋಡ್ ಎಂಬಲ್ಲಿ ಚೂರು ತಡೆದು, ಎಡ ಬಲ ಎರಡು ಕವಲಾಗಿ ಕೆಳಗಿಳಿಯುತ್ತದೆ. ಆಗಲೇ ಬಡಿತ. ಡಾಕ್ಟರು ಹೇಳುವಾಗ ನನಗೆ ನಮ್ಮ ತುಂಗಭದ್ರಾ ಎಡದಂಡೆ ನಾಲೆಯೇ ಕಣ್ಣ ಮುಂದೆ ಬಂತು. ಮುನಿರಾಬಾದಿನಲ್ಲಿ ಬಿಟ್ಟ ನೀರು ಕೊನೆ ಭಾಗದ ನಮಗೆ ಮುಟ್ಟಬೇಕಲ್ವಾ. ಡ್ಯಾಮಿನಲ್ಲಿ ನೀರಿದೆ, ಹೊಲವೂ ಹದವಾಗಿದೆ, ನಡುವಿನ ತೂಬು ಮಾತ್ರ ಸರಿಯಾಗಿ ತೆರೆಯುತ್ತಿಲ್ಲ.

ಇಸಿಜಿ ಕಾಗದ ಓದುವುದನ್ನು ಸ್ವಲ್ಪ ಕಲಿತಿದ್ದೇನೆ. ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್. ಮೊದಲು ಸಣ್ಣ ದಿಬ್ಬ, ಆಮೇಲೆ ಎತ್ತರದ ಮೊನೆ. ದಿಬ್ಬ ಶುರುವಾದಲ್ಲಿಂದ ಮೊನೆ ಶುರುವಾಗುವ ತನಕ ಐದು ಚೌಕ ದಾಟಬಾರದು. ನನ್ನದರಲ್ಲಿ ಏಳು. ಒಂದೆರಡು ಕಡೆ ದಿಬ್ಬ ಇದೆ, ಮೊನೆ ಬಂದೇ ಇಲ್ಲ. ಅಲ್ಲಿ ಬಡಿತ ತಪ್ಪಿದೆ. ಇದರಲ್ಲೂ ಎರಡು ಬಗೆಯಂತೆ. ಪ್ರತಿ ಸಲವೂ ಇನ್ನಷ್ಟು ತಡವಾಗುತ್ತಾ ಹೋಗಿ ಒಂದು ತಪ್ಪಿದರೆ ಅಷ್ಟು ಭಯವಿಲ್ಲ. ಯಾವ ಸುಳಿವೂ ಕೊಡದೆ ತಪ್ಪಿದರೆ ಬಡಿತ ತಪ್ಪದಂತೆ ಕರೆಂಟು ಕೊಡುವ ಸಣ್ಣ ಯಂತ್ರ, ಪೇಸ್‌ಮೇಕರ್ ಬೇಕಾಗುತ್ತದೆ. ನನ್ನದು ಯಾವುದು ಎಂದು ಆ ಒಂದು ಪಟ್ಟಿಯಲ್ಲಿ ತಿಳಿಯಲಿಲ್ಲ. ಬಿಪಿಗೆ ತಿನ್ನುತ್ತಿದ್ದ ಗುಳಿಗೆಯೂ ನಾಡಿ ನಿಧಾನ ಮಾಡುವಂಥದ್ದು ಎಂದು ಅದನ್ನು ಬದಲಿಸಿದರು. ಹತ್ತು ದಿನ ಬಿಟ್ಟು, ದಿನವಿಡೀ ಬಡಿತ ಬರೆದುಕೊಳ್ಳುವ ಹೋಲ್ಟರ್ ಹಾಕಿದರು.

ಎದೆಗೆ ಸ್ಟಿಕರ್ ಅಂಟಿಸಿ, ಸೊಂಟಕ್ಕೆ ಸಣ್ಣ ಡಬ್ಬಿ ಕಟ್ಟಿ 24 ಗಂಟೆ. ಸ್ನಾನ ಮಾಡುವಂತಿಲ್ಲ. ರಾಯಚೂರಿನ ಮೇ ತಿಂಗಳು ಹೇಗಿರುತ್ತದೆ, ನಿನಗೆ ಗೊತ್ತಲ್ಲ. ಬೆವರಿಗೆ ಸ್ಟಿಕರ್ ಬಿಡುತ್ತದೆಂದು ನಿಮ್ಮವ್ವ ರಾತ್ರಿಯೆಲ್ಲ ಬೀಸಣಿಗೆ ಹಿಡಿದು ಕುಳಿತಳು. ಯಾವಾಗ ಏನು ಮಾಡಿದೆ ಎಂದು ಬರೆದಿಡಲು ಹೇಳಿದ್ದರು. ನಿನ್ನ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದೆ. ಮೇವು ಹಾಕಿದ್ದು, ಮಾಳಿಗೆ ಹತ್ತಿದ್ದು, ಎರಡು ರೊಟ್ಟಿ ತಿಂದದ್ದು.

ಆ ದಿನ ನಾನು ಏನು ಬೇಡಿಕೊಂಡೆ ಗೊತ್ತಾ? ಒಂದು ಸಲ ತಲೆ ಸುತ್ತಲಿ ಎಂದು. ಡಬ್ಬಿ ಇರುವಾಗಲೇ ಬರಲಿ, ಬರೆದುಕೊಳ್ಳಲಿ ಎಂದು. ಅಂದು ಅದು ಬರಲೇ ಇಲ್ಲ. ಡಬ್ಬಿ ವಾಪಸ್ ಕೊಟ್ಟು ಬರುವಾಗ ಬಸ್ಸಿನಲ್ಲಿ ಅತ್ತೆ. ಆದರೆ ನನಗೆ ತಿಳಿಯದೇ, ನಿದ್ದೆಯಲ್ಲಿ ತಪ್ಪಿದ ಬಡಿತವೂ ಅದರಲ್ಲಿ ಸಿಗುತ್ತದೆ ಎಂದಿದ್ದಾರೆ. ಸಿಗದಿದ್ದರೆ ಇನ್ನೂ ಹೆಚ್ಚು ದಿನ ಹಾಕುವುದೂ ಇದೆಯಂತೆ. ಮುಂದಿನದಕ್ಕೆ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಬಹುದು ಎಂದರು.

ಪೇಸ್‌ಮೇಕರ್ ಎಂದರೆ ಮೊದಲು ಬಹಳ ಹೆದರಿದ್ದೆ. ಎದೆ ಸೀಳುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ಕೊರಳೆಲುಬಿನ ಕೆಳಗೆ ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸಿ, ಚರ್ಮದಡಿ ಇಟ್ಟು, ರಕ್ತನಾಳದೊಳಗಿಂದ ವಯರು ಬಿಡುತ್ತಾರೆ. ಮೊದಲು ಮೈಯೊಳಗೆ ಇಟ್ಟದ್ದು 1958ರಲ್ಲಿ, ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬುವರಿಗೆ. ಆಗ ಅವರಿಗೆ 43 ವರ್ಷ. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಮತ್ತೆ ಮತ್ತೆ ಬದಲಿಸಿಕೊಂಡು ಅವರು 2001ರವರೆಗೆ ಬದುಕಿದರು. ತೀರಿಕೊಂಡಾಗ 86 ವರ್ಷ, ಅದೂ ಹೃದಯದ ತೊಂದರೆಯಿಂದ ಅಲ್ಲ. ಇದನ್ನು ಓದಿದ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಪಂಪ್‌ಸೆಟ್ಟಿನ ಕೆಲಸ ಮಾಡಬಹುದಾ ಎಂದೂ ಕೇಳಿದೆ. ಓಡುತ್ತಿರುವ ಮೋಟರಿನ ಮೇಲೆ ಬಗ್ಗಬಾರದು, ವೆಲ್ಡಿಂಗಿನಿಂದ ದೂರ ಇರಬೇಕು, ಉಳಿದದ್ದಕ್ಕೆ ತೊಂದರೆಯಿಲ್ಲ ಎಂದರು.

ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಮಲಗಿದಾಗ ಬೆರಳು ತಾನಾಗಿಯೇ ಮಣಿಕಟ್ಟಿಗೆ ಹೋಗುತ್ತದೆ. ಎಣಿಸುತ್ತೇನೆ. ಒಂದು ತಪ್ಪಿದರೆ ಮುಂದಿನದು ಬರುವ ತನಕ ಉಸಿರು ಹಿಡಿದಿರುತ್ತೇನೆ. ಪಕ್ಕದಲ್ಲಿ ನಿಮ್ಮವ್ವನಿಗೂ ನಿದ್ದೆ ಬಂದಿರುವುದಿಲ್ಲ. ಇಬ್ಬರೂ ನಿದ್ದೆ ಬಂದವರ ಹಾಗೆ ಇರುತ್ತೇವೆ. ಅವಳಿಗೆ ದಿನಾ ಒಂದು ಸಲ ಫೋನ್ ಮಾಡವ್ವಾ. ನನ್ನ ಬಗ್ಗೆ ಕೇಳುವುದಕ್ಕಿಂತ ಅವಳು ಉಂಡಳಾ ಎಂದು ಕೇಳು.

ರಿಪೋರ್ಟ್ ಗುರುವಾರ. ಪರೀಕ್ಷೆ ಬಿಟ್ಟು ಓಡಿ ಬರಬೇಡ. ಏನೇ ಬಂದರೂ ಆಸ್ಪತ್ರೆಯ ಮೆಟ್ಟಿಲಿನಿಂದಲೇ ನಿನಗೆ ಹೇಳುತ್ತೇನೆ, ಇದ್ದದ್ದು ಇದ್ದ ಹಾಗೆ. ಪೇಸ್‌ಮೇಕರ್ ಹೆಚ್ಚಾಗಿ ಎಡಗಡೆ ಇಡುತ್ತಾರಂತೆ, ಆಮೇಲೆ ಫೋನು ಬಲಗಿವಿಗೆ ಹಿಡಿಯಬೇಕು. ನಿನ್ನೆಯಿಂದ ರೂಢಿ ಮಾಡಿಕೊಳ್ಳುತ್ತಿದ್ದೇನೆ.

ನಿನ್ನ ಅಪ್ಪ